ಆ್ಯಪ್‌ನಲ್ಲಿ ‘ರಿಟರ್ನ್ ಇಲ್ಲ’ ಅಂತ ಬಂದರೆ ದುಡ್ಡು ಹೋಯ್ತು ಅಂತಲ್ಲ

ಗಿರಿನಗರ ಗೆಳೆಯ:

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ತರಿಸಿದ ಮಾಲು ಕೆಟ್ಟು ಬಂದರೆ ನಮ್ಮ ಜನ ಬಹಳ ಬೇಗ ಕೈಚೆಲ್ಲಿ ಕೂರುತ್ತಾರೆ. ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ನಮ್ಮ ಬಿಲ್ಡಿಂಗ್‌ನ ಹಿರಿಯರೊಬ್ಬರು ಮಿಕ್ಸಿ ತರಿಸಿದ್ದರು. ಆಮೇಲೆ ಊರಿಗೆ ಹೋದರು. ವಾಪಸ್ ಬಂದು ಡಬ್ಬ ತೆರೆದರೆ ಜಾರ್ ಸರಿಯಾಗಿ ಕೂರುವುದಿಲ್ಲ, ಮೋಟಾರ್‌ನಿಂದ ಸುಟ್ಟ ವಾಸನೆ. ಆ್ಯಪ್ ನೋಡಿದರೆ ‘ರಿಟರ್ನ್ ಅವಧಿ ಮುಗಿದಿದೆ’. ಚಾಟ್‌ನಲ್ಲೂ ಅದೇ ಉತ್ತರ. ‘ಹೋಗಲಿ ಬಿಡಪ್ಪ, ನಮ್ಮ ಹಣೆಬರಹ’ ಅಂದುಬಿಟ್ಟರು. ಪಿಂಚಣಿ ದುಡ್ಡಲ್ಲಿ ತಗೊಂಡಿದ್ದು ಅದು. ಇಂಥ ಮಾತು ಕೇಳಿದಾಗ ನಿಜವಾಗಿ ಸಂಕಟ ಆಗುತ್ತದೆ.

ನಾನು ಹೇಳಬೇಕು ಅಂದುಕೊಂಡಿದ್ದು ಒಂದೇ. ವಾಪಸ್ ಕೊಡುವುದರಲ್ಲಿ ಎರಡು ಬಗೆ ಇದೆ. ಮಾಲು ಚೆನ್ನಾಗೇ ಇದೆ, ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅನ್ನುವುದು ಒಂದು ಬಗೆ. ಅದನ್ನು ವಾಪಸ್ ತಗೊಳ್ಳುವುದು ಬಿಡುವುದು ಕಂಪನಿಯ ಇಷ್ಟ. 7 ದಿನ ಅನ್ನಲಿ, 10 ದಿನ ಅನ್ನಲಿ, ‘ಇಲ್ಲವೇ ಇಲ್ಲ’ ಅನ್ನಲಿ. ಅವರ ಪಾಲಿಸಿ ಪ್ರಕಾರ ನಡೆಯುತ್ತದೆ.

ಮಾಲೇ ಸರಿ ಇಲ್ಲ, ನಕಲಿ, ಫೋಟೋದಲ್ಲಿ ತೋರಿಸಿದ್ದೇ ಬೇರೆ, ಕೊಟ್ಟಿದ್ದೇ ಬೇರೆ ಅನ್ನುವುದು ಇನ್ನೊಂದು ಬಗೆ. ಇಲ್ಲಿ ಕಂಪನಿಯ ಪಾಲಿಸಿಗಿಂತ ಮೇಲೆ ಕಾನೂನು ಇದೆ. 2020ರ ಜುಲೈನಲ್ಲಿ ಬಂದ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳು ಇದನ್ನು ನೇರವಾಗಿ ಹೇಳುತ್ತವೆ. ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ಮಾರಿದವರು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ಪ್ರವಾಹದಂಥ ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ.

ಆ್ಯಪ್‌ನ ಬಟನ್ ಮಾತ್ರ ಈ ಎರಡನ್ನೂ ಒಂದೇ ಮಾಡಿಬಿಟ್ಟಿದೆ. ಅವಧಿ ಮುಗಿದರೆ ಎರಡಕ್ಕೂ ಬಟನ್ ಮಾಯ. ಬಟನ್ ಹೋದರೆ ಹಕ್ಕೂ ಹೋಯಿತು ಅಂತ ಜನ ನಂಬುತ್ತಾರೆ. ಹೋಗಿರುವುದು ಬಟನ್ ಮಾತ್ರ.

ಹಾಗಾದರೆ ಏನು ಮಾಡಬೇಕು? ಚಾಟ್‌ನಲ್ಲಿ ಗುದ್ದಾಡುವುದನ್ನು ನಿಲ್ಲಿಸಿ. ಪ್ರತಿ ಇ-ಕಾಮರ್ಸ್ ಕಂಪನಿಯೂ ಕುಂದುಕೊರತೆ ಅಧಿಕಾರಿ ಅಂತ ಒಬ್ಬರನ್ನು ಇಟ್ಟಿರಬೇಕು. ಅವರ ಹೆಸರು, ಹುದ್ದೆ, ಸಂಪರ್ಕ ವಿವರ ವೆಬ್‌ಸೈಟ್‌ನಲ್ಲೇ ಇರಬೇಕು. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅವರಿಗೆ ಇಮೇಲ್ ಹಾಕಿ. ದೂರು ಬಂದಿದೆ ಅಂತ 48 ಗಂಟೆಯೊಳಗೆ ಅವರು ಒಪ್ಪಿಕೊಳ್ಳಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರಿಗೆ ಟಿಕೆಟ್ ನಂಬರ್ ಕೊಡಬೇಕು. ಇದೆಲ್ಲ ಅವರು ತೋರಿಸುವ ಕರುಣೆ ಅಲ್ಲ, ನಿಯಮದಲ್ಲಿ ಬರೆದಿರುವ ಕೆಲಸ.

ನಿಮ್ಮ ಅನುಭವ ಬರೆಯಿರಿ. ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಹೇಳಿದರೆ ಒಬ್ಬರಲ್ಲ ಒಬ್ಬರಿಗೆ ದಾರಿ ಗೊತ್ತಿರುತ್ತದೆ.

ಪೀಣ್ಯ ಮೆಕ್ಯಾನಿಕ್:

ಗೆಳೆಯರೇ, ಸರಿಯಾದ ಹೊತ್ತಿಗೆ ಬರೆದಿದ್ದೀರಿ. ನಾನು ಈಗ ಇದರಲ್ಲೇ ಒದ್ದಾಡುತ್ತಿದ್ದೇನೆ. ದೊಡ್ಡ ಸೇಲ್‌ನಲ್ಲಿ ಫ್ರಿಡ್ಜ್ ತಗೊಂಡೆ. ಒಳಗೆ ತಣ್ಣಗಾಗುವುದೇ ಇಲ್ಲ. ಆ್ಯಪ್‌ನವರು ‘ಬ್ರ್ಯಾಂಡ್‌ನವರಿಗೆ ಹೇಳಿ, ಅವರ ಟೆಕ್ನಿಷಿಯನ್ ಬಂದು ನೋಡಲಿ’ ಅನ್ನುತ್ತಾರೆ. ಬ್ರ್ಯಾಂಡ್‌ನವರು ಬಂದು ಗ್ಯಾಸ್ ತುಂಬಿ ಹೋದರು. ಮತ್ತೆ ಅದೇ ಕಥೆ. ರಿಫಂಡ್ ಕೇಳಿದರೆ ‘ನೀವು ತಗೊಂಡಿದ್ದು ಆ್ಯಪ್‌ನಲ್ಲಿ, ಅಲ್ಲೇ ಕೇಳಿ’ ಅಂತಾರೆ. ಆ್ಯಪ್‌ನಲ್ಲಿ ಕೇಳಿದರೆ ‘ನಾವು ಬರೀ ವೇದಿಕೆ, ಮಾರಿದ್ದು ಬೇರೆ ಸೆಲ್ಲರ್’ ಅಂತ ಉತ್ತರ. ಸೆಲ್ಲರ್ ಯಾರೋ ನನಗೆ ಗೊತ್ತೇ ಇಲ್ಲ. ಮನೇಲಿ ಚಿಕ್ಕ ಮಗು ಇದೆ, ಹಾಲು ದಿನಾ ಒಡೆಯುತ್ತಿದೆ. ಯಾರನ್ನು ಹಿಡಿಯಬೇಕು ಹೇಳಿ.

ಎಚ್‌ಎಸ್‌ಆರ್ ಹುಡುಗ:

ಅಣ್ಣ, ‘ನಾವು ಬರೀ ವೇದಿಕೆ’ ಅನ್ನುವ ಮಾತಿಗೆ ಒಂದು ಹಿನ್ನೆಲೆ ಇದೆ. ನಮ್ಮ ದೇಶದಲ್ಲಿ ವಿದೇಶಿ ಬಂಡವಾಳ ಇರುವ ಆನ್‌ಲೈನ್ ಕಂಪನಿಗಳು ತಮ್ಮದೇ ದಾಸ್ತಾನು ಇಟ್ಟುಕೊಂಡು ನೇರವಾಗಿ ಗ್ರಾಹಕರಿಗೆ ಮಾರುವ ಹಾಗಿಲ್ಲ. ಮಾರುಕಟ್ಟೆ ಜಾಗ ಮಾತ್ರ ನಡೆಸಬಹುದು. 2019ರ ಫೆಬ್ರವರಿ 1ರಿಂದ ಈ ನಿಯಮ ಇನ್ನೂ ಬಿಗಿಯಾಯಿತು. ಅದಕ್ಕೇ ಬಿಲ್‌ನಲ್ಲಿ ನಾವು ಕೇಳಿರದ ಯಾವುದೋ ಕಂಪನಿಯ ಹೆಸರು ಇರುತ್ತದೆ. ಆ್ಯಪ್‌ನ ಹೆಸರು ಎಷ್ಟೇ ದೊಡ್ಡದಾಗಿ ಕಂಡರೂ ಕಾಗದದ ಮೇಲೆ ಮಾರಿದವರು ಬೇರೆ.

ಆದರೆ ಅದೇ ಕಾರಣಕ್ಕೆ ಸೆಲ್ಲರ್‌ನ ವಿವರ ಕೊಡುವುದು ಆ್ಯಪ್‌ನ ಜವಾಬ್ದಾರಿ. ವ್ಯಾಪಾರದ ಹೆಸರು, ಅದು ನೋಂದಣಿ ಆಗಿದೆಯೋ ಇಲ್ಲವೋ, ವಿಳಾಸ, ಕಸ್ಟಮರ್ ಕೇರ್ ನಂಬರ್, ರೇಟಿಂಗ್, ಎಲ್ಲವನ್ನೂ ಗ್ರಾಹಕರಿಗೆ ಕಾಣುವಂತೆ ಹಾಕಬೇಕು. ಕೊಂಡ ಮೇಲೆ ನೀವು ಬರೆದು ಕೇಳಿದರೆ ಸೆಲ್ಲರ್‌ನ ಮುಖ್ಯ ಕಚೇರಿ, ಶಾಖೆಗಳ ವಿಳಾಸವನ್ನೂ ಕೊಡಬೇಕು. ನಿಮ್ಮ ಆರ್ಡರ್ ತೆರೆದು ಇನ್‌ವಾಯ್ಸ್ ಡೌನ್‌ಲೋಡ್ ಮಾಡಿ. ‘ಸೋಲ್ಡ್ ಬೈ’ ಅಂತ ಇರುವ ಕಡೆ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಸಿಗುತ್ತದೆ. ಈಗಲೇ ಇಳಿಸಿಟ್ಟುಕೊಳ್ಳಿ.

ಹನುಮಂತನಗರ ವಕೀಲೆ:

ಮೆಕ್ಯಾನಿಕ್ ಅವರೇ, ಯಾರನ್ನು ಹಿಡಿಯಬೇಕು ಅಂತ ನೀವು ತೀರ್ಮಾನ ಮಾಡಬೇಕಾಗಿಲ್ಲ. ಸೆಲ್ಲರ್, ಆ್ಯಪ್, ಬ್ರ್ಯಾಂಡ್ ಮೂವರನ್ನೂ ದೂರಿನಲ್ಲಿ ಎದುರುದಾರರಾಗಿ ಸೇರಿಸಿ. ಯಾರ ಪಾಲು ಎಷ್ಟು ಅಂತ ಅವರು ಅವರಲ್ಲೇ ಜಗಳ ಆಡಿಕೊಳ್ಳಲಿ. ಮೊದಲು ಮೂವರಿಗೂ ಒಂದೇ ಇಮೇಲ್ ಹಾಕಿ. ತಗೊಂಡ ದಿನ, ದುಡ್ಡು, ತೊಂದರೆ ಶುರುವಾದ ದಿನ, ಟೆಕ್ನಿಷಿಯನ್ ಬಂದ ದಿನ, ಅವರು ಕೊಟ್ಟ ಜಾಬ್ ಶೀಟ್ (ಏನು ಕೆಟ್ಟಿದೆ, ಏನು ಮಾಡಿದರು ಅಂತ ಬರೆದ ಕಾಗದ), ನಿಮಗೆ ಬೇಕಾಗಿರುವುದು ಏನು. ಇಷ್ಟಿದ್ದರೆ ಸಾಕು. ಜಾಬ್ ಶೀಟ್ ಕೊಡದೆ ಹೋಗಿದ್ದರೆ ಬ್ರ್ಯಾಂಡ್‌ನ ಸರ್ವಿಸ್ ಸೆಂಟರ್‌ಗೆ ಬರೆದು ಕೇಳಿ. ಕೆಟ್ಟಿದೆ ಅಂತ ಅವರ ಮನುಷ್ಯನೇ ಬರೆದ ಕಾಗದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

‘ನಾವು ಮಧ್ಯವರ್ತಿ ಮಾತ್ರ’ ಅನ್ನುವ ವಾದ ಐಟಿ ಕಾಯಿದೆಯ 79ನೇ ಸೆಕ್ಷನ್‌ನಿಂದ ಬಂದಿದ್ದು. ಎಲ್ಲ ಕಡೆಯೂ ಅದು ನಡೆಯುವುದಿಲ್ಲ. ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಸ್ವಿಗ್ಗಿಯಲ್ಲಿ ತರಿಸಿದ 187 ರೂಪಾಯಿಯ ಐಸ್‌ಕ್ರೀಂ ಗ್ರಾಹಕರಿಗೆ ತಲುಪಲಿಲ್ಲ. ಆ್ಯಪ್‌ನಲ್ಲಿ ಡೆಲಿವರಿ ಆಗಿದೆ ಅಂತ ತೋರಿಸಿತ್ತು, ದುಡ್ಡೂ ವಾಪಸ್ ಬರಲಿಲ್ಲ. ಕಂಪನಿ ಇದೇ ಮಧ್ಯವರ್ತಿ ವಾದ ಮಾಡಿತು. ಬೆಂಗಳೂರಿನ ಗ್ರಾಹಕ ಆಯೋಗ, ಅಂದರೆ ಗ್ರಾಹಕರ ಕೋರ್ಟು, ಒಪ್ಪಲಿಲ್ಲ. 187 ರೂಪಾಯಿ ವಾಪಸ್, 3,000 ಪರಿಹಾರ, 2,000 ಖರ್ಚು ಕೊಡಿ ಅಂತ 2024ರಲ್ಲಿ ಆದೇಶ ಆಯಿತು. 187 ರೂಪಾಯಿಗೆ ಯಾರು ಹೋಗ್ತಾರೆ ಅಂತ ಕೇಳುವವರಿಗೆ ಇದನ್ನು ತೋರಿಸಿ.

ಅದಕ್ಕೂ ಮುಂಚೆ, ದುಡ್ಡು ಕಟ್ಟಿದರೂ ಬಾರದ 12,499 ರೂಪಾಯಿಯ ಮೊಬೈಲ್‌ಗಾಗಿ ಬೆಂಗಳೂರಿನ ಮಹಿಳೆಯೊಬ್ಬರು ಫ್ಲಿಪ್‌ಕಾರ್ಟ್ ಮೇಲೆ ಹೋಗಿದ್ದರು. ಪೂರ್ತಿ ದುಡ್ಡು, ಅದರ ಮೇಲೆ ವರ್ಷಕ್ಕೆ ಶೇಕಡ 12 ಬಡ್ಡಿ, 20,000 ದಂಡ, 10,000 ಖರ್ಚು ಅಂತ ಬೆಂಗಳೂರು ನಗರ ಜಿಲ್ಲಾ ಆಯೋಗ ಹೇಳಿತು.

ಮಲ್ಲೇಶ್ವರದ ಅಕ್ಕ:

ವಕೀಲರೇ, ಓದಿ ಧೈರ್ಯ ಬಂತು. ಆದರೆ ಕೋರ್ಟು ಅಂದರೆ ನಮ್ಮಂಥವರಿಗೆ ಭಯ ಅಲ್ವಾ? ವಕೀಲರ ಫೀಸು, ದಿನಾ ಅಲೆದಾಟ. ಕಂಪನಿಯ ಷರತ್ತಿನಲ್ಲಿ ‘ಎಲ್ಲ ವ್ಯಾಜ್ಯ ದೆಹಲಿಯಲ್ಲಿ’ ಅಂತ ಬೇರೆ ಬರೆದಿರುತ್ತಾರೆ. ನಾವು ದೆಹಲಿಗೆ ಹೋಗೋಕಾಗುತ್ತಾ?

ಹನುಮಂತನಗರ ವಕೀಲೆ:

ಅಕ್ಕ, ದೆಹಲಿಗೆ ಹೋಗಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದರಲ್ಲಿ ಬಂದ ದೊಡ್ಡ ಬದಲಾವಣೆಯೇ ಇದು. ಗ್ರಾಹಕರು ತಾವು ವಾಸ ಇರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲಿದ್ದರೂ ಇಲ್ಲಿಗೆ ಬಂದು ಉತ್ತರ ಕೊಡಬೇಕು. ಆರ್ಬಿಟ್ರೇಷನ್‌ಗೇ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ತೀರ್ಮಾನ) ಹೋಗಬೇಕು ಅಂತ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಎಮ್ಮಾರ್ ಎಂಜಿಎಫ್ ಅನ್ನುವ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಇದನ್ನು ಹೇಳಿದೆ.

ವಕೀಲರು ಬೇಕೇ ಬೇಕು ಅಂತಿಲ್ಲ. ನಾನೇ ವಕೀಲೆಯಾಗಿ ಇದನ್ನು ಹೇಳುತ್ತಿದ್ದೇನೆ. ಸಣ್ಣ ಮೊತ್ತದ, ಕಾಗದ ಪತ್ರ ಸರಿಯಾಗಿರುವ ದೂರನ್ನು ನೀವೇ ನಡೆಸಬಹುದು. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ದೂರು ಜಿಲ್ಲಾ ಆಯೋಗಕ್ಕೆ ಬರುತ್ತದೆ, ಅಂದರೆ ಮನೆಬಳಕೆಯ ಯಾವ ಸಾಮಾನಾದರೂ ಅಲ್ಲೇ. ಬೆಂಗಳೂರಿನಲ್ಲಿ ಇಂಥ ಆಯೋಗ ಒಂದಕ್ಕಿಂತ ಜಾಸ್ತಿ ಇವೆ. ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ ಇರುವುದು ಬಹಳ ಜನಕ್ಕೆ ಗೊತ್ತು. ಮನೆಯಿಂದಲೇ ಸಲ್ಲಿಸಬೇಕು ಅಂದರೆ ಇ-ಜಾಗೃತಿ ಪೋರ್ಟಲ್ ಇದೆ. 2025ರ ಜನವರಿಯಿಂದ ನಡೆಯುತ್ತಿದೆ. ಹಿಂದೆ ಇ-ದಾಖಿಲ್ ಅಂತ ಇದ್ದಿದ್ದು ಈಗ ಇದರೊಳಗೆ ಸೇರಿದೆ.

ಒಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳಬೇಕು. ಎದುರಿನವರಿಗೆ ನೋಟಿಸ್ ತಲುಪಿದ 3 ತಿಂಗಳಲ್ಲಿ ದೂರು ಮುಗಿಸಲು ಪ್ರಯತ್ನಿಸಬೇಕು, ಮಾಲನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಬೇಕಿದ್ದರೆ 5 ತಿಂಗಳು ಅಂತ ಕಾಯಿದೆ ಹೇಳುತ್ತದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಅದು ನನಗೂ ನೋವಿನ ವಿಷಯ. ಅದಕ್ಕೇ ಆಯೋಗಕ್ಕೆ ಹೋಗುವ ಮುಂಚಿನ ಮೆಟ್ಟಿಲುಗಳನ್ನು ಗಟ್ಟಿಯಾಗಿ ಹತ್ತಿ. ಬಹಳಷ್ಟು ದೂರು ಅಲ್ಲೇ ಮುಗಿಯುತ್ತವೆ.

ಗಿರಿನಗರ ಗೆಳೆಯ:

ಆ ಮುಂಚಿನ ಮೆಟ್ಟಿಲು ಅಂದರೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ವಾಟ್ಸಾಪ್ ಬೇಕು ಅಂದರೆ 8800001915. ಇವರು ಆದೇಶ ಮಾಡುವುದಿಲ್ಲ, ದಂಡ ಹಾಕುವುದಿಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ದೊಡ್ಡ ಆನ್‌ಲೈನ್ ಕಂಪನಿಗಳು ಹಲವು ಈ ಸಹಾಯವಾಣಿ ಜತೆ ಪಾಲುದಾರರಾಗಿವೆ. ಹಾಗಾಗಿ ದೂರು ನೇರವಾಗಿ ಒಳಗಿನ ತಂಡಕ್ಕೆ ಹೋಗುತ್ತದೆ. ಚಾಟ್‌ನಲ್ಲಿ ಸಿಗುವ ಸಿದ್ಧ ಉತ್ತರಕ್ಕೂ ಇಲ್ಲಿ ಬರುವ ಉತ್ತರಕ್ಕೂ ವ್ಯತ್ಯಾಸ ಇದೆ. ಅವರು ಕೊಡುವ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಮುಂದೆ ಆಯೋಗಕ್ಕೆ ಹೋದರೆ ಕೆಲಸಕ್ಕೆ ಬರುತ್ತದೆ.

ಮೆಕ್ಯಾನಿಕ್ ಅಣ್ಣ, ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿ 1915ಕ್ಕೂ ಇವತ್ತೇ ಹೇಳಿ. ಒಂದಾದ ಮೇಲೆ ಒಂದು ಅಂತ ಕಾಯಬೇಡಿ, ಮನೇಲಿ ಮಗು ಇದೆ.

ಚಿಕ್ಕಪೇಟೆ ವ್ಯಾಪಾರಿ:

ಎಲ್ಲ ಓದಿದೆ. ನನ್ನ ಮಾತೂ ಸ್ವಲ್ಪ ಕೇಳಿ. ನಾನು ಸೀರೆ ಮಾರುತ್ತೇನೆ. ಅಂಗಡಿ ತಂದೆಯ ಕಾಲದ್ದು, ಈಗ ಎರಡು ಆ್ಯಪ್‌ಗಳಲ್ಲೂ ಹಾಕಿದ್ದೇನೆ. ನೀವು ಸೆಲ್ಲರ್ ಅಂದಾಗ ದೊಡ್ಡ ಕಂಪನಿ ಅಂದುಕೊಳ್ಳುತ್ತೀರಿ. ಇಲ್ಲಿ ನಾನು, ನನ್ನ ತಮ್ಮ, ಪ್ಯಾಕ್ ಮಾಡಲು ಇಬ್ಬರು ಹುಡುಗಿಯರು, ಅಷ್ಟೇ.

ವರಮಹಾಲಕ್ಷ್ಮಿ ಹಬ್ಬದ ಮುಂಚೆ ಆರ್ಡರ್ ಸುರಿಯುತ್ತದೆ. ಹಬ್ಬ ಮುಗಿದ ವಾರ ರಿಟರ್ನ್ ಸುರಿಯುತ್ತದೆ. ಸೀರೆಯ ಸೆರಗಿನಲ್ಲಿ ಅರಿಶಿನದ ಕಲೆ, ಬೆವರಿನ ವಾಸನೆ, ಫಾಲ್ ಹಚ್ಚಿ ಬಿಚ್ಚಿದ ತೂತು. ಕಾರಣ ಏನು ಒತ್ತಿರುತ್ತಾರೆ ಗೊತ್ತಾ? ‘ದೋಷ ಇದೆ’. ಯಾಕೆಂದರೆ ದೋಷ ಅಂತ ಒತ್ತಿದರೆ ಕೊರಿಯರ್ ಖರ್ಚು ನಮ್ಮ ತಲೆಗೆ. ಒಮ್ಮೆ ನಾವು ಕಳಿಸಿದ ರೇಷ್ಮೆ ಸೀರೆಯ ಬದಲು ಹಳೇ ಪಾಲಿಯೆಸ್ಟರ್ ಸೀರೆ ಬಂತು. ಆ್ಯಪ್‌ನವರು ಗ್ರಾಹಕರಿಗೆ ಮೊದಲು ದುಡ್ಡು ಕೊಟ್ಟುಬಿಡುತ್ತಾರೆ, ಆಮೇಲೆ ನಮ್ಮ ಲೆಕ್ಕದಲ್ಲಿ ಮುರಿಯುತ್ತಾರೆ. ನಾವು ಕ್ಲೇಮ್ ಹಾಕಿದರೆ ವಿಡಿಯೋ ಸಾಲದು ಅಂತ ತಿರಸ್ಕಾರ. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲಿಗೆ ಹೋದ ಪಾರ್ಸೆಲ್ ‘ಬೇಡ’ ಅಂತ ವಾಪಸ್ ಬರುವುದು ಬೇರೆ. ಹೋಗಿ ಬರುವ ಖರ್ಚು, ಅಷ್ಟು ದಿನ ಮಾಲು ರಸ್ತೆಯಲ್ಲಿ.

ಗ್ರಾಹಕರಿಗೆ ಹಕ್ಕು ಇರಲಿ. ನಾನೂ ಗ್ರಾಹಕನೇ. ಆದರೆ ಈ ರಿಫಂಡ್ ದುಡ್ಡು ಯಾರ ಜೇಬಿನಿಂದ ಹೋಗುತ್ತಿದೆ ಅಂತಲೂ ಒಂದು ಸಲ ನೋಡಿ.

ಗಿರಿನಗರ ಗೆಳೆಯ:

ಅಣ್ಣ, ನೀವು ಬರೆದಿದ್ದು ಬಹಳ ಮುಖ್ಯ. ಉಟ್ಟ ಸೀರೆಯನ್ನು ದೋಷ ಇದೆ ಅಂತ ವಾಪಸ್ ಕಳಿಸುವುದು ಮೋಸ. ಅದಕ್ಕೆ ಗ್ರಾಹಕ ಹಕ್ಕು ಅನ್ನುವ ಹೆಸರು ಕೊಡಬಾರದು. ಮೇಲೆ ಎರಡು ಬಗೆ ಅಂತ ಬೇರೆ ಮಾಡಿ ಹೇಳಿದ್ದು ಇದಕ್ಕೂ ಸೇರುತ್ತದೆ. ಮನಸ್ಸು ಬದಲಾಗಿದ್ದನ್ನು ದೋಷ ಅಂತ ಬರೆಯುವವರಿಂದ ನಿಜವಾದ ದೋಷದ ದೂರನ್ನೂ ಯಾರೂ ನಂಬದ ಹಾಗೆ ಆಗಿದೆ. ಪಿಕಪ್‌ಗೆ ಬಂದ ಹುಡುಗ ಬಾಗಿಲಲ್ಲೇ ನಿಂತು ಟ್ಯಾಗ್ ಇದೆಯಾ, ಡಬ್ಬ ಇದೆಯಾ ಅಂತ ನೋಡಿ ಸಣ್ಣ ಕಾರಣಕ್ಕೆ ಕ್ಯಾನ್ಸಲ್ ಮಾಡಿ ಹೋಗುವುದೂ ಇದರ ಫಲವೇ. ಆ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಅವನ ಫೋನ್‌ನಲ್ಲಿ ಬರುವ ಚೆಕ್‌ಲಿಸ್ಟ್ ಬಿಟ್ಟು ಅವನು ಏನೂ ಮಾಡುವ ಹಾಗಿಲ್ಲ.

ಆದರೆ ಒಂದು ಮಾತು. ನಿಮ್ಮ ನಷ್ಟಕ್ಕೂ ನಮ್ಮ ಬಿಲ್ಡಿಂಗ್‌ನ ಹಿರಿಯರ ನಷ್ಟಕ್ಕೂ ಕಾರಣ ಒಂದೇ ಕಡೆ ಇದೆ. ಎರಡೂ ಕಡೆಯಿಂದ ಶುಲ್ಕ ತಗೊಳ್ಳುವ ವೇದಿಕೆ, ಯಾರ ಮಾತು ನಿಜ ಅಂತ ಕೂತು ನೋಡುವುದಿಲ್ಲ. ಒಂದು ಕಡೆ ಅವಧಿ ಮುಗಿಯಿತು ಅಂತ ಬಾಗಿಲು ಹಾಕುತ್ತದೆ, ಇನ್ನೊಂದು ಕಡೆ ಕಣ್ಣು ಮುಚ್ಚಿ ದುಡ್ಡು ಮುರಿಯುತ್ತದೆ. ಸಿಟ್ಟು ಅಲ್ಲಿ ತೋರಿಸೋಣ.

ಹನುಮಂತನಗರ ವಕೀಲೆ:

ವ್ಯಾಪಾರಿ ಅಣ್ಣನಿಗೆ ಒಂದು ಸೇರಿಸುತ್ತೇನೆ. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಅಂತ ಕಾಯಿದೆ ಹೇಳುತ್ತದೆ ನಿಜ. ಆದರೆ ಸ್ವಂತ ದುಡಿಮೆಯಿಂದ ಬದುಕು ನಡೆಸಲು ಮಾತ್ರ ಪಡೆದಿದ್ದರೆ ಅದನ್ನು ವ್ಯಾಪಾರದ ಉದ್ದೇಶ ಅನ್ನುವುದಿಲ್ಲ ಅಂತ ಅಲ್ಲೇ ವಿವರಣೆ ಇದೆ. ನಿಮ್ಮ ವಹಿವಾಟು ಅದರಲ್ಲಿ ಬರುತ್ತದೋ ಇಲ್ಲವೋ ಅನ್ನುವುದು ನಿಮ್ಮ ಕಾಗದ ಪತ್ರ ನೋಡಿ ಹೇಳಬೇಕು. ‘ಸೆಲ್ಲರ್‌ಗೆ ದಾರಿಯೇ ಇಲ್ಲ’ ಅಂತ ಮೊದಲೇ ಕೈಬಿಡಬೇಡಿ. ಪ್ಯಾಕ್ ಮಾಡುವುದನ್ನೂ, ರಿಟರ್ನ್ ತೆರೆಯುವುದನ್ನೂ, ಪಾರ್ಸೆಲ್ ಮೇಲಿನ ಕೊರಿಯರ್ ನಂಬರ್ ಕಾಣುವಂತೆ ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ತೆಗೆದಿಡಿ.

ಗ್ರಾಹಕರಿಗೂ ಇದೇ ಸಲಹೆ. ದುಬಾರಿ ಮಾಲು ಬಂದರೆ ಅಂಟಿಸಿದ ಲೇಬಲ್‌ನಿಂದ ಶುರು ಮಾಡಿ ಒಂದೇ ವಿಡಿಯೋ ತೆಗೆಯಿರಿ. ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಹುಡುಗನ ಮುಂದೆಯೇ ತೆರೆಸಿ, ಪೂರ್ತಿ ನೋಡಿದ ಮೇಲೆ ಓಟಿಪಿ ಕೊಡಿ. ಓಟಿಪಿ ಕೊಟ್ಟರೆ ಸರಿಯಾಗಿ ಬಂತು ಅಂತ ಒಪ್ಪಿಕೊಂಡ ಹಾಗೆ ಅವರು ವಾದ ಮಾಡುತ್ತಾರೆ. ಆಯೋಗದಲ್ಲಿ ಸ್ಕ್ರೀನ್‌ಶಾಟ್, ವಿಡಿಯೋ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಜತೆಗಿಡಿ. ಹಳೇ ಸಾಕ್ಷ್ಯ ಕಾಯಿದೆಯ 65ಬಿ ಸೆಕ್ಷನ್ ಜಾಗದಲ್ಲಿ 2024ರ ಜುಲೈ 1ರಿಂದ ಇದು ಬಂದಿದೆ.

ಎಚ್‌ಎಸ್‌ಆರ್ ಹುಡುಗ:

ದುಡ್ಡು ಎಲ್ಲಿಗೆ ವಾಪಸ್ ಬರುತ್ತದೆ ಅನ್ನುವುದರ ಬಗ್ಗೆಯೂ ಮಾತಾಡಬೇಕು. ‘ತಕ್ಷಣ ವ್ಯಾಲೆಟ್‌ಗೆ, ಇಲ್ಲದಿದ್ದರೆ ಬ್ಯಾಂಕ್‌ಗೆ ಕೆಲವು ದಿನ’ ಅಂತ ಆಯ್ಕೆ ಕೊಡುತ್ತಾರೆ. ಅವಸರದಲ್ಲಿ ವ್ಯಾಲೆಟ್ ಒತ್ತಿಬಿಡುತ್ತೇವೆ. ಆಮೇಲೆ ಆ ದುಡ್ಡು ಅದೇ ಆ್ಯಪ್‌ನಲ್ಲಿ ಖರ್ಚು ಮಾಡಬೇಕು. ಕೆಲವು ಕಡೆ ಆಯ್ಕೆಯನ್ನೇ ಕೊಡುವುದಿಲ್ಲ, ಸೀದಾ ಕೂಪನ್. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾಗೆ ಇದರ ಬಗ್ಗೆಯೇ ನಿರ್ದೇಶನ ಕೊಟ್ಟಿತು. ರಿಫಂಡ್ ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ಆಗಿ ಬೇಕೋ ಅಂತ ಗ್ರಾಹಕರೇ ಆರಿಸುವ ವ್ಯವಸ್ಥೆ ಮಾಡಿ ಅಂತ. ಇದನ್ನು ಇಮೇಲ್‌ನಲ್ಲಿ ಉಲ್ಲೇಖಿಸಿ ಕೇಳಿ.

ಯುಪಿಐ ವಿಷಯ ಬೇರೆ. ಖಾತೆಯಿಂದ ದುಡ್ಡು ಹೋಯಿತು, ಅಂಗಡಿ ಕಡೆ ಬಂದಿದ್ದು ಖಚಿತವಾಗಲಿಲ್ಲ ಅಂದರೆ ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶ. ಬ್ಯಾಂಕ್‌ನವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ವಿಚಾರಿಸುವ ನಂಬರ್ 14448.

ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಚಾರ್ಜ್‌ಬ್ಯಾಕ್ ಅಂತ ಇನ್ನೊಂದು ದಾರಿ ಇದೆ. ಮಾಲು ಬಂದೇ ಇಲ್ಲ, ಅಥವಾ ಬೇರೆಯದೇ ಬಂತು, ಕಂಪನಿ ರಿಫಂಡ್ ಕೊಡುತ್ತಿಲ್ಲ ಅಂದರೆ ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ಬರೆದು ವಿವಾದ ಎತ್ತಬೇಕು. ಬ್ಯಾಂಕ್ ಅಂಗಡಿಯ ಬ್ಯಾಂಕ್‌ನಿಂದ ಉತ್ತರ ಕೇಳುತ್ತದೆ. ಇದಕ್ಕೆ ದಿನಗಳ ಮಿತಿ ಇದೆ, ಹಾಗಾಗಿ ಕಂಪನಿ ಉತ್ತರಕ್ಕೆ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಇಎಂಐನಲ್ಲಿ ತಗೊಂಡಿದ್ದರೆ ರಿಫಂಡ್ ಬಂದ ಮೇಲೆ ಇಎಂಐ ನಿಂತಿದೆಯಾ ಅಂತ ಬ್ಯಾಂಕ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಮಲ್ಲೇಶ್ವರದ ಅಕ್ಕ:

ನನ್ನ ತಂಗಿ ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್‌ನಿಂದ ಕುರ್ತಾ ತರಿಸಿದಳು. ಮೊದಲೇ ಯುಪಿಐ ಮಾಡಿಸಿಕೊಂಡರು. ಬಂದಿದ್ದು ಫೋಟೋಗೆ ಹೋಲುವುದೇ ಇಲ್ಲ. ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್, ಪೇಜ್‌ನಲ್ಲೇ ಬರೆದಿದೀವಿ ಮೇಡಂ’ ಅಂದು ಬ್ಲಾಕ್ ಮಾಡಿದರು. ಇದಕ್ಕೂ ನಿಮ್ಮ ನಿಯಮ ಬರುತ್ತಾ?

ಗಿರಿನಗರ ಗೆಳೆಯ:

ಬರುತ್ತದೆ ಅಕ್ಕ. ಇನ್‌ಸ್ಟಾಗ್ರಾಂನಲ್ಲಾದರೂ ಸರಿ, ವಾಟ್ಸಾಪ್‌ನಲ್ಲಾದರೂ ಸರಿ, ವ್ಯಾಪಾರವಾಗಿ ಮಾರುವವರು ಮಾರುವವರೇ. ಪೇಜ್‌ನಲ್ಲಿ ಬರೆದ ಮಾತ್ರಕ್ಕೆ ತೋರಿಸಿದ್ದೇ ಒಂದು, ಕೊಟ್ಟಿದ್ದೇ ಒಂದು ಅನ್ನುವುದು ಸರಿಯಾಗುವುದಿಲ್ಲ. ತೊಂದರೆ ಎಲ್ಲಿ ಅಂದರೆ, ಅವರು ಯಾರು ಅಂತ ಹಿಡಿಯುವುದು ಕಷ್ಟ. ವಿಳಾಸ ಇಲ್ಲ, ಬಿಲ್ ಇಲ್ಲ, ನಡುವೆ ದುಡ್ಡು ಹಿಡಿದಿಡುವ ವೇದಿಕೆ ಇಲ್ಲ. ಪಾರ್ಸೆಲ್ ಮೇಲಿನ ಕಳಿಸಿದವರ ವಿಳಾಸ, ಯುಪಿಐ ರಸೀದಿಯ ಹೆಸರು, ಪೇಜ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1915ಕ್ಕೆ ಹೇಳಿ. ಮಾಲೇ ಕಳಿಸದೆ ದುಡ್ಡು ಹೊಡೆದವರಾದರೆ ಅದು ಸೈಬರ್ ವಂಚನೆ. ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ಹಳೇ ಸೋಫಾ, ಬೈಕ್ ಅಂತ ಜನ ಜನಕ್ಕೇ ಮಾರಿಕೊಳ್ಳುವ ಆ್ಯಪ್‌ಗಳಲ್ಲಿ ಮಾತ್ರ ಜಾಗ್ರತೆ. ಯಾವಾಗಲೋ ಒಮ್ಮೆ ಮನೆ ಸಾಮಾನು ಮಾರುವವರಿಗೆ ಇ-ಕಾಮರ್ಸ್ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಕೆಂಗೇರಿ ಓದುಗ:

ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳಬೇಕು. ರಿಫಂಡ್‌ಗೆ ಅಂತ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ನಮ್ಮ ಸೋದರತ್ತೆ ಹಾಗೆ ಸಿಕ್ಕ ನಂಬರ್‌ಗೆ ಫೋನ್ ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡಿದರಂತೆ. ‘ಅಮ್ಮ, ರಿಫಂಡ್ ಕಳಿಸುತ್ತಿದ್ದೇವೆ, ಪಿನ್ ಹಾಕಿ’ ಅಂದರು. ಖಾತೆ ಖಾಲಿ. ದುಡ್ಡು ಬರುವುದಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ, ಸ್ಕ್ರೀನ್ ಹಂಚುವ ಆ್ಯಪ್ ಬೇಡ. ಇದನ್ನು ಮನೆಯ ದೊಡ್ಡವರಿಗೆಲ್ಲ ದಯವಿಟ್ಟು ಹೇಳಿ. ನಂಬರ್ ಬೇಕಾದರೆ ಆ್ಯಪ್ ಒಳಗಿನ ಸಹಾಯ ಪುಟದಲ್ಲೇ ನೋಡಿ.

ಎಚ್‌ಎಸ್‌ಆರ್ ಹುಡುಗ:

ನಿಜ ಸರ್. ಇದರಲ್ಲಿ ಆ್ಯಪ್‌ಗಳ ತಪ್ಪೂ ಇದೆ. ಸಹಾಯ ಪುಟವನ್ನು ಎಷ್ಟು ಒಳಗೆ ಬಚ್ಚಿಟ್ಟಿರುತ್ತಾರೆ ಅಂದರೆ ವಯಸ್ಸಾದವರು ಗೂಗಲ್‌ಗೇ ಹೋಗುತ್ತಾರೆ. ಖರೀದಿ ಬಟನ್ ಕಣ್ಣಿಗೆ ರಾಚುತ್ತದೆ, ದೂರಿನ ಬಟನ್ ಹುಡುಕಬೇಕು. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಇಂಥ ಮೋಸದ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ತಂದಿತು, 13 ಬಗೆ ಗುರುತಿಸಿದೆ. ಕೇಳದೆ ಬುಟ್ಟಿಗೆ ಇನ್ನೇನೋ ಸೇರಿಸುವುದು, ‘ಇನ್ನು ಎರಡೇ ಉಳಿದಿದೆ’ ಅಂತ ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಪುಟದಲ್ಲಿ ಶುಲ್ಕ ಏರಿಸುವುದು, ಎಲ್ಲ ಅದರಲ್ಲಿವೆ. ಹಾಗೆ ಮುರಿದುಕೊಂಡ ದುಡ್ಡನ್ನೂ ದೂರಿನಲ್ಲಿ ಸೇರಿಸಿ ಕೇಳಿ.

ಗಿರಿನಗರ ಗೆಳೆಯ:

ಮೇಲೆ ಓಲಾ ವಿಷಯದಲ್ಲಿ ಬಂದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಒಬ್ಬೊಬ್ಬರ ದೂರಿಗಿಂತ ಎಲ್ಲರಿಗೂ ಆಗುವ ತೊಂದರೆಯನ್ನು ನೋಡುತ್ತದೆ. 2022ರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟ ಇಲ್ಲದ ಪ್ರೆಶರ್ ಕುಕ್ಕರ್ ಮಾರಲು ಬಿಟ್ಟಿದ್ದಕ್ಕೆ ಅಮೆಜಾನ್‌ಗೆ 1 ಲಕ್ಷ ದಂಡ ಹಾಕಿತು. ಮಾರಾಟವಾಗಿದ್ದ 2,265 ಕುಕ್ಕರ್‌ಗಳ ಗ್ರಾಹಕರಿಗೆ ತಿಳಿಸಿ, ವಾಪಸ್ ಪಡೆದು, ದುಡ್ಡು ಕೊಡಿ ಅಂತ ಆದೇಶ ಮಾಡಿತು. ಫ್ಲಿಪ್‌ಕಾರ್ಟ್ ಮೇಲೂ ಅದೇ ವರ್ಷ ಇಂಥದ್ದೇ ಆದೇಶ ಬಂತು. ಕುಕ್ಕರ್ ಸಿಡಿದರೆ ಅಡುಗೆ ಮನೆಯಲ್ಲಿ ನಿಂತವರ ಗತಿ ಏನು, ಯೋಚಿಸಿ. ಈ ಆದೇಶಗಳಲ್ಲಿ ‘ರಿಟರ್ನ್ ಅವಧಿ ಮುಗಿದಿದೆ’ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ.

ಪೀಣ್ಯ ಮೆಕ್ಯಾನಿಕ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್‌ವಾಯ್ಸ್ ತೆಗೆದು ಮೂವರಿಗೂ ಇಮೇಲ್ ಹಾಕಿ 1915ಕ್ಕೂ ದೂರು ಕೊಟ್ಟೆ. ಇವತ್ತು ಕುಂದುಕೊರತೆ ವಿಭಾಗದಿಂದಲೇ ಫೋನ್ ಬಂತು. ಇಷ್ಟು ದಿನ ಚಾಟ್‌ನಲ್ಲಿ ಆಗದಿದ್ದ ಮಾತು ಈಗ ಆಡುತ್ತಿದ್ದಾರೆ. ಬೇರೆ ಫ್ರಿಡ್ಜ್ ಕೊಡುತ್ತೇವೆ, ಒಪ್ಪಿಗೆ ಅಂತ ಇಮೇಲ್ ಮಾಡಿ ಅಂದರು. ನನಗೆ ಆ ಮಾಡೆಲ್ ಮೇಲೆ ನಂಬಿಕೆ ಹೋಗಿದೆ, ದುಡ್ಡೇ ಬೇಕು. ಬದಲಿ ತಗೊಳ್ಳಲೇಬೇಕಾ?

ಹನುಮಂತನಗರ ವಕೀಲೆ:

ಬಹಳ ಸಂತೋಷ. ಬದಲಿ ಬೇಕು, ದುಡ್ಡು ಬೇಕು, ಎರಡನ್ನೂ ಕೇಳಬಹುದು. ಆಯೋಗಕ್ಕೆ ರಿಪೇರಿ, ಬದಲಿ, ದುಡ್ಡು ವಾಪಸ್ ಮೂರನ್ನೂ ಆದೇಶಿಸುವ ಅಧಿಕಾರ ಇದೆ. ಆದರೆ ಕಂಪನಿ ಹೊಸ ಫ್ರಿಡ್ಜ್ ಕೊಡಲು ಬಂದಾಗ ಬೇಡ ಅಂದರೆ, ಮುಂದೆ ಆಯೋಗದಲ್ಲಿ ‘ನಾವು ಕೊಡಲು ಸಿದ್ಧ ಇದ್ದೆವು’ ಅನ್ನುತ್ತಾರೆ. ಹಾಗಾಗಿ ಉತ್ತರ ಹೀಗೆ ಬರೆಯಿರಿ: ರಿಪೇರಿ ಆದ ಮೇಲೂ ಅದೇ ದೋಷ ಬಂದಿದೆ, ಈ ಮಾಡೆಲ್ ಮೇಲೆ ನಂಬಿಕೆ ಇಲ್ಲ, ರಿಫಂಡ್ ಕೊಡಿ, ಅದು ಸಾಧ್ಯವೇ ಇಲ್ಲದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ‘ದೂರು ಪೂರ್ತಿ ಪರಿಹಾರವಾಗಿದೆ’ ಅನ್ನುವ ಸಾಲಿಗೆ ಈಗಲೇ ಒಪ್ಪಿಗೆ ಕೊಡಬೇಡಿ. ಗಾಬರಿ ಬೇಡ, ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಸಮಯ ಇದೆ.

ಪೀಣ್ಯ ಮೆಕ್ಯಾನಿಕ್:

ಹಾಗೇ ಬರೆದು ಕಳಿಸಿದೆ ಮೇಡಂ. ರಿಫಂಡ್‌ಗೆ ಒಪ್ಪಿದ್ದಾರೆ, ಕಾರ್ಡ್‌ಗೇ ಹಾಕುತ್ತಾರಂತೆ. ಭಾನುವಾರ ಪಿಕಪ್‌ಗೆ ಬರುತ್ತಾರೆ.

ಹನುಮಂತನಗರ ವಕೀಲೆ:

ಒಳ್ಳೇದಾಯಿತು. ಕೊಡುವ ಮುಂಚೆ ಸೀರಿಯಲ್ ನಂಬರ್ ಕಾಣುವಂತೆ ಫ್ರಿಡ್ಜ್‌ನ ಎಲ್ಲ ಕಡೆಯ ಫೋಟೋ ತೆಗೆಯಿರಿ. ಪಿಕಪ್ ಆಯಿತು ಅಂತ ಮೆಸೇಜ್ ಅಥವಾ ರಸೀದಿ ನಿಮ್ಮ ಕೈಗೆ ಬಂದ ಮೇಲೆಯೇ ಲಿಫ್ಟ್ ಹತ್ತಿಸಲು ಬಿಡಿ. ಕಾರ್ಡ್‌ಗೆ ದುಡ್ಡು ಹಾಕಿದಾಗ ಅವರ ಬಳಿ ಎಆರ್‌ಎನ್ ನಂಬರ್ (ಆ ರಿಫಂಡ್‌ನ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಹೇಳಿದ ದಿನ ದುಡ್ಡು ಕಾಣದಿದ್ದರೆ ಆ ನಂಬರ್ ಕೊಟ್ಟು ಬ್ಯಾಂಕ್‌ನಲ್ಲಿ ಹುಡುಕಿಸಬಹುದು.